ಶುಕ್ರವಾರ ಬಿಟ್ಟ ನೀರು

ಶಿಗ್ಗಾಂವಿಯಿಂದ ಹುಲಗೂರಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ಬೇವಿನಹೊಂಡ. ಆ ಊರಿಗೆ ಮೂವತ್ತೊಂದು ವರ್ಷ ನೀರು ಬಿಟ್ಟವನು ಗಿರಿಯಪ್ಪ. ಪಂಚಾಯಿತಿಯ ಕಾಗದದಲ್ಲಿ ಅವನು ನೀರಗಂಟಿ, ಊರವರ ಬಾಯಲ್ಲಿ ವಾಟರ್‌ಮನ್. ನೀರು ಬಾರದ ದಿನ ಅವನನ್ನು ಏನೇನು ಕರೆಯುತ್ತಿದ್ದರೋ ಅದನ್ನು ಇಲ್ಲಿ ಬರೆಯುವಂತಿಲ್ಲ. ಅರವತ್ತು ತುಂಬಿದಾಗ ಒಂದು ಶಾಲು ಹೊದಿಸಿ, ಕೈಗೊಂದು ತೆಂಗಿನಕಾಯಿ ಕೊಟ್ಟು ಮನೆಗೆ ಕಳಿಸಿದರು. ಮರುದಿನ ನಸುಕಿನಲ್ಲಿ ಅವನು ಎಂದಿನಂತೆ ಎದ್ದು ನೀರಿನ ಟಾಕಿಯ ತನಕ ಹೋಗಿ, ಬೀಗ ಹಾಕಿದ ಗೇಟು ನೋಡಿ, ನಾಚಿಕೊಂಡು ತಿರುಗಿ ಬಂದ.

ಅವನ ಮನೆ ಇದ್ದದ್ದು ಊರ ಪಡುವಣ ದಿಬ್ಬದ ಮೇಲಿನ ಬುದ್ಧನಗರದಲ್ಲಿ. ನಲವತ್ತು ಮನೆಗಳ ಓಣಿ. ಪ್ಯಾಟಿ ಓಣಿಯ ಪೈಪಿನ ತುದಿಗೆ ಅದನ್ನು ಜೋಡಿಸಿದ್ದರು. ಪ್ಯಾಟಿ ಓಣಿಯವರು ಮೋಟಾರು ಹಚ್ಚಿ ಎಳೆದುಕೊಂಡು ಮುಗಿಸಿದ ಮೇಲೆ ದಿಬ್ಬ ಹತ್ತುತ್ತಿದ್ದುದು ಬರೀ ಗಾಳಿ. ಊರಿಗೆಲ್ಲ ನೀರು ಬಿಡುವವನ ಹೆಂಡತಿ ಶಾರವ್ವ ಕೊಡ ಹೊತ್ತು ಅರ್ಧ ಮೈಲಿ ದೂರದ ಬೋರಿಗೆ ಹೋಗುತ್ತಿದ್ದಳು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ.

ನೌಕರಿ ಮುಗಿಯುವ ವರ್ಷ ಗಿರಿಯಪ್ಪನ ತಾಳ್ಮೆ ಮುಗಿಯಿತು. ಅಗಸಿ ಓಣಿಯ ದೊಡ್ಡ ಪೈಪು ದ್ಯಾಮವ್ವನ ಗುಡಿಯ ತಿರುವಿನಲ್ಲಿ ಹಾದು ಹೋಗುತ್ತದೆ. ಅಲ್ಲಿಂದ ಒಂದು ಕವಲು ತೆಗೆದರೆ ಬುದ್ಧನಗರಕ್ಕೆ ನೀರು ತಾನಾಗಿ ಏರುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೆ ರಸ್ತೆಗೆ ಹೊಸದಾಗಿ ಕಾಂಕ್ರೀಟು ಹಾಕಿದ್ದರು, ಒಡೆಯಲು ಓಣಿಯವರು ಬಿಡಲಿಲ್ಲ. ಆಗಿನ ಅಧ್ಯಕ್ಷರನ್ನು ಕೇಳಿದರೆ, "ಮಾಡ್ಕೋ, ನನಗ ಹೇಳಬ್ಯಾಡ," ಎಂದರು. ಗಿರಿಯಪ್ಪ ಗಟಾರದ ತಳದಲ್ಲೇ ಪೈಪು ಹಾಯಿಸಿದ. ಕೂಡಿಸುವ ತುಂಡು ಅಳತೆಗೆ ಸರಿಯಾಗಲಿಲ್ಲ. ವಾಟರ್‌ಮನ್‌ಗಳ ಹಳೆಯ ಉಪಾಯ ಒಂದಿದೆ: ಸೈಕಲ್ ಟ್ಯೂಬನ್ನು ಸೀಳಿ, ಜಗ್ಗಿ ಜಗ್ಗಿ ಸುತ್ತಿ, ತಂತಿಯಿಂದ ಬಿಗಿಯುವುದು. ಎಂಟು ದಿನದ ಮಟ್ಟಿಗೆಂದು ಹಾಗೆಯೇ ಸುತ್ತಿದ. ಎಂಟು ದಿನ ಮೂರು ವರ್ಷವಾಯಿತು. ಪಂಚಾಯಿತಿಯ ನಕ್ಷೆಯಲ್ಲಿ ಅಂಥದೊಂದು ಪೈಪು ಇರಲೇ ಇಲ್ಲ. ಬುದ್ಧನಗರದ ಹೆಂಗಸರು ಮಾತ್ರ ಮನೆಬಾಗಿಲಲ್ಲಿ ನೀರು ಹಿಡಿಯುತ್ತಿದ್ದರು.

ಈ ವರ್ಷ ಜೂನಿನ ಮೊದಲ ಮಳೆಗೆ ಗಟಾರಗಳು ತುಂಬಿ ಹರಿದವು. ಅದಾಗಿ ನಾಲ್ಕನೆಯ ದಿನ, ಶನಿವಾರ, ಅಗಸಿ ಓಣಿಯಲ್ಲಿ ಇಬ್ಬರಿಗೆ ವಾಂತಿಭೇದಿ ಶುರುವಾಯಿತು. ಭಾನುವಾರ ಒಂಬತ್ತು ಜನ. ಸೋಮವಾರ ಬುದ್ಧನಗರದಲ್ಲೂ ಐದು ಮನೆ ಮಲಗಿದವು.

ಆಗ ಎದ್ದು ನಿಂತವರು ಮನೆಯಲ್ಲಿ ಕೂತಿದ್ದ ಮುದುಕರು. ಮೊದಲನೆಯವಳು ನರ್ಸಬಾಯಿ ನುಜಹತ. ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿ, ಪೋಲಿಯೋ ಹನಿ ಹಾಕಿ, ನಿವೃತ್ತಳಾಗಿ ಊರಿಗೆ ಬಂದು ನೆಲೆಸಿದ್ದಳು. ಎರಡನೆಯವರು ಚನ್ನವೀರಪ್ಪ ಮಾಸ್ತರರು. ಅವರ ಬೆತ್ತಕ್ಕೆ ಹೆದರದವರು ಊರಲ್ಲಿ ಯಾರೂ ಇರಲಿಲ್ಲ. ಮೂರನೆಯವನು ಗಿರಿಯಪ್ಪ. ತಾಲೂಕಿನಿಂದ ಡಾಕ್ಟರು ಬಂದು ಶಾಲೆಯಲ್ಲಿ ಕ್ಯಾಂಪು ಹಾಕಿದರು, ಟಾಕಿಯ ನೀರನ್ನು ಪರೀಕ್ಷೆಗೆ ಕಳಿಸಿದರು. ಉಳಿದದ್ದನ್ನೆಲ್ಲ ಈ ಮೂವರು ಹೊತ್ತುಕೊಂಡರು. ನುಜಹತ ಸಲೈನು ಬಾಟಲಿ ನೋಡಿಕೊಂಡಳು, ಮಾಸ್ತರರು ಮನೆಮನೆಯ ಹೆಸರು ಬರೆದುಕೊಂಡರು. ಗಿರಿಯಪ್ಪ ಗಟಾರಗಳಿಗೆ ಬ್ಲೀಚಿಂಗ್ ಪುಡಿ ಚೆಲ್ಲಿದ, ಓಆರ್‌ಎಸ್ ಪುಡಿ ಹಂಚಿದ, ಎದ್ದು ಕೂರಲಾರದವರನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ತಂದ. ಒಂದು ಕಾಲಕ್ಕೆ ಅವನನ್ನು ಅಂಗಳದಿಂದಾಚೆಗೇ ಮಾತಾಡಿಸಿ ಕಳಿಸುತ್ತಿದ್ದ ಮನೆಗಳವರು ಈಗ ಅವನ ಕೊರಳಿಗೆ ಜೋತುಬಿದ್ದು ಬಂದರು. ಅವನಿಗೆ ಇದು ಹಿತವಾಗಿತ್ತು. ಸುಳ್ಳು ಹೇಳಿ ಏನು ಪ್ರಯೋಜನ, ನಿವೃತ್ತಿಯಾದ ಮೂರು ವರ್ಷದಲ್ಲಿ ಅವನು ಅಷ್ಟು ಸುಖವಾಗಿದ್ದದ್ದು ಆ ಕೆಟ್ಟ ವಾರದಲ್ಲೇ.

ಊರ ಹಿರಿಯರು ತಮ್ಮದೇ ಮದ್ದು ಹುಡುಕಿದರು. ದ್ಯಾಮವ್ವ ಮುನಿದಿದ್ದಾಳೆ, ವಾರ ಹಿಡಿಯಬೇಕು ಎಂದು ಡಂಗುರ ಸಾರಿಸಿದರು. ಮಂಗಳವಾರ, ಶುಕ್ರವಾರ ಯಾರೂ ಹೊಲಕ್ಕೆ ಹೋಗುವಂತಿಲ್ಲ, ಮಣ್ಣು ಅಗೆಯುವಂತಿಲ್ಲ, ಒಲೆ ಹೊತ್ತಿಸುವಂತಿಲ್ಲ. ನುಜಹತ ತಲೆಯ ಮೇಲೆ ಸೆರಗು ಎಳೆದುಕೊಂಡು ಗುಡಿಯ ಕಟ್ಟೆಗೇ ಹೋದಳು.

"ಒಲಿ ಹಚ್ಚಬ್ಯಾಡ ಅಂದ್ರ ಮಂದಿ ನೀರ ಹೆಂಗ ಕುದಿಸ್ಬೇಕ್ರಿ?"

"ಹಿಂದಿನ ದಿನಾನ ಕುದಿಸಿ ಇಟ್ಕೊಳ್ಲಿ ಬಾಯಾರ," ಎಂದರು ಹಿರಿಯರು.

ಯಾರು ಇಟ್ಟುಕೊಳ್ಳುತ್ತಾರೆ? ಮಂಗಳವಾರ ಊರೆಲ್ಲ ಮೊದಲೇ ಮಾಡಿಟ್ಟ ಒಣ ಕಟಕ ರೊಟ್ಟಿ ತಿಂದು, ನಳದ ನೀರಲ್ಲಿ ನೆನೆಸಿದ ಅವಲಕ್ಕಿ ತಿಂದು ದೇವಿಯನ್ನು ನೆನೆಯಿತು. ಬುಧವಾರ, ಗುರುವಾರ ಸೇರಿ ಮೂವತ್ತೆಂಟು ಜನ ಮಲಗಿದರು.

ಯಾವ ಮನೆಗೆ ಪುಡಿ ಕೊಡಬೇಕು ಎಂದು ತಿಳಿಯಲಿ ಅಂತ ನುಜಹತ ಕಾಯಿಲೆ ಬಿದ್ದ ಪ್ರತಿ ಮನೆಯ ಬಾಗಿಲಿಗೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆಯುತ್ತ ಬಂದಿದ್ದಳು. ಗುರುವಾರ ಸಂಜೆ ಗಿರಿಯಪ್ಪ ಪುಡಿಯ ಚೀಲ ಹೆಗಲಿಗೆ ಹಾಕಿಕೊಂಡು ಅಗಸಿ ಓಣಿಯ ಮೇಲ್ತುದಿಯಿಂದ ಇಳಿದು ಬರುತ್ತಿದ್ದ. ಮೊದಲ ಹನ್ನೆರಡು ಬಾಗಿಲುಗಳಲ್ಲಿ ಗೆರೆ ಇರಲಿಲ್ಲ. ದ್ಯಾಮವ್ವನ ಗುಡಿಯ ತಿರುವು ದಾಟಿದ. ಅಲ್ಲಿಂದ ಕೆಳಗೆ ಗೆರೆಯಿಲ್ಲದ ಬಾಗಿಲುಗಳು ಮೂರೋ ನಾಲ್ಕೋ ಇದ್ದವು. ಅವನು ನಿಂತ. ಹಿಂದೆ ತಿರುಗಿ ನೋಡಿದ, ಮತ್ತೆ ಮುಂದೆ ನೋಡಿದ. ತಿರುವಿನ ಮೇಲಿನವರೆಲ್ಲ ಗಟ್ಟಿ, ತಿರುವಿನ ಕೆಳಗಿನವರೆಲ್ಲ ಕಾಯಿಲೆ. ದಿಬ್ಬದ ಮೇಲೆ ಬುದ್ಧನಗರ. ಗಟಾರದಲ್ಲಿ ಕಪ್ಪು ನೀರು ತುಂಬಿ ನಿಂತಿತ್ತು, ಅದರ ತಳದಲ್ಲಿ ಅವನ ಟ್ಯೂಬಿನ ಗಂಟು.

ನೀರು ಬಿಡುವವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾಲ್ವು ತಿರುಗಿಸಿ ನೀರು ನಿಲ್ಲಿಸಿದೊಡನೆ ಖಾಲಿಯಾಗುವ ಪೈಪು ಒಳಕ್ಕೆ ಎಳೆಯುತ್ತದೆ. ಗಂಟು ಸಡಿಲಾಗಿದ್ದರೆ ಸುತ್ತ ಏನಿದೆಯೋ ಅದನ್ನೇ ಎಳೆಯುತ್ತದೆ. ಗಿರಿಯಪ್ಪ ಪುಡಿಯ ಚೀಲ ಕೆಳಗಿಳಿಸಿದ. ಗುಡಿಯ ಕಟ್ಟೆಯ ಮೇಲೆ ಕುಳಿತುಕೊಂಡ.

ಹೇಳಿದರೆ ಏನಾಗುತ್ತದೆ ಎಂಬುದೂ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆಗಲೇ ಅಗಸಿ ಓಣಿಯಲ್ಲಿ, ಕಾಯಿಲೆ ದಿಬ್ಬದ ಮೇಲಿನಿಂದಲೇ ಇಳಿದದ್ದು ಎಂದು ಗುಸುಗುಸು ಎದ್ದಿತ್ತು. ಪೈಪಿನ ಮಾತು ಹೊರಬಿದ್ದರೆ ಮೊದಲು ಕಡಿಯುವುದು ಬುದ್ಧನಗರದ ನೀರನ್ನು, ಆಮೇಲೆ ಬುದ್ಧನಗರದವರ ಮಾನವನ್ನು. ನಲವತ್ತು ಮನೆಯ ಹೆಂಗಸರು ಮತ್ತೆ ಬೋರಿನ ದಾರಿ ಹಿಡಿಯಬೇಕು. ಇದಿಷ್ಟೂ ನಿಜ. ಇದರ ಕೆಳಗೆ ಇನ್ನೊಂದು ಸಣ್ಣ ನಿಜ ಇತ್ತು, ಅದನ್ನು ಅವನು ತನಗೆ ತಾನೇ ಹೇಳಿಕೊಳ್ಳಲಿಲ್ಲ. ಐದು ದಿನದಿಂದ ಊರು ಅವನನ್ನು ದೇವರಂಥ ಮನುಷ್ಯ ಎನ್ನುತ್ತಿತ್ತು.

ಶಾಲೆಗೆ ಬಂದರೆ ಚನ್ನವೀರಪ್ಪ ಮಾಸ್ತರರು ಪಂಚಾಯಿತಿಯ ನಕ್ಷೆ ಹಾಸಿಕೊಂಡು ಕುಳಿತಿದ್ದರು. ಎದುರಿಗೆ ನುಜಹತ.

"ಟಾಕಿ ನೀರ ಚಲೋ ಐತಿ ಅಂತ ರಿಪೋರ್ಟ್ ಬಂತು," ಎಂದರು ಮಾಸ್ತರರು. "ಪ್ಯಾಟಿ ಓಣ್ಯಾಗ ಒಬ್ಬರಿಗೂ ಏನೂ ಇಲ್ಲ. ಬುದ್ಧನಗರಕ್ಕ ಹೋಗೂದು ಪ್ಯಾಟಿ ಓಣಿ ಲೈನ. ಅಂದಮ್ಯಾಲ ಇದು ನೀರಿಂದ ಬಂದದ್ದಲ್ಲ, ಮತ್ತೇನೋ ಐತಿ. ಅಗಸಿ ಓಣಿಗೂ ಬುದ್ಧನಗರಕ್ಕೂ ಪೈಪಿನ ಸಂಬಂಧ ಇಲ್ಲ. ಹೌದಲ್ಲೋ ಗಿರಿಯಪ್ಪ?"

ನುಜಹತ ಕನ್ನಡಕ ಮೇಲೇರಿಸಿ ಅವನನ್ನು ನೋಡಿದಳು.

"ಹೌದ್ರಿ ಸರ್," ಎಂದ ಗಿರಿಯಪ್ಪ.

ಆ ಒಂದು ಮಾತಿನಿಂದ ಮಾಸ್ತರರ ಬೆರಳು ನಕ್ಷೆಯ ಮೇಲಿಂದ ಎದ್ದಿತು. ಅವರು ಬಸುರಿಯರ ಕುಬುಸದ ಊಟ ಎಲ್ಲೆಲ್ಲಿ ನಡೆದಿತ್ತು, ಐಸ್‌ಕ್ಯಾಂಡಿ ಮಾರುವವನು ಯಾವ ಓಣಿಗೆ ಬಂದಿದ್ದ ಎಂದು ವಿಚಾರಿಸತೊಡಗಿದರು.

ಗಿರಿಯಪ್ಪ ತನ್ನೊಳಗೆ ಒಂದು ದಾರಿ ಮಾಡಿಕೊಂಡ. ಯಾರಿಗೂ ಹೇಳದೆ, ಗಟಾರ ಬಳಿಯುವ ನೆಪದಲ್ಲಿ ತಾನೇ ಇಳಿದು ಗಂಟು ಬಿಗಿಯುವುದು. ಅಷ್ಟಾದರೆ ಕಾಯಿಲೆಯೂ ನಿಲ್ಲುತ್ತದೆ, ನೀರೂ ಉಳಿಯುತ್ತದೆ. ಆದರೆ ನಾಳೆ ಶುಕ್ರವಾರ, ವಾರ. ಗುಡಿಯ ಎದುರಿಗೇ ಸಲಿಕೆ ಹಿಡಿದರೆ ಊರು ಸುಮ್ಮನಿರುತ್ತದೆಯೇ? ಹೇಗೂ ನಾಳೆ ಅಗೆಯಲು ಬರುವುದಿಲ್ಲ, ನಾಡಿದ್ದು ನೋಡೋಣ ಎಂದುಕೊಂಡ. ಒಲ್ಲದವನಿಗೆ ದೇವರು ಎಷ್ಟು ಬೇಕಾದರೂ ನೆಪ ಕೊಡುತ್ತಾನೆ.

ನೀರು ಬಿಡುತ್ತಿದ್ದುದು ಒಂದು ದಿನ ಬಿಟ್ಟು ಒಂದು ದಿನ. ಶುಕ್ರವಾರ ಪಾಳಿ ಇತ್ತು. ನಸುಕಿಗೇ ಗಿರಿಯಪ್ಪ ಟಾಕಿಯ ಹತ್ತಿರ ಹೋದ. ಈಗಿನ ವಾಟರ್‌ಮನ್ ಹುಲಗೇಶ ವಾಲ್ವಿನ ಮುಚ್ಚಳ ತೆಗೆಯುತ್ತಿದ್ದ.

"ಹುಲಗೇಶ, ಇವತ್ತೊಂದಿನ ಅಗಸಿ ಓಣಿಗೆ ಬಿಡಬ್ಯಾಡ."

"ಯಾಕ ಕಾಕಾ?"

"ಸುಮ್ನ ಹೇಳಾಕತ್ತೇನಿ, ಬಿಡಬ್ಯಾಡ."

"ಮನ್ಯಾಗ ಬ್ಯಾನಿ ಬಿದ್ದಾವ್ರ ಅದಾರ, ಬಟ್ಟಿ ಒಗೀಬೇಕು, ವಾರ ಬ್ಯಾರೆ. ನೀರ ಬಿಡ್ಲಿಲ್ಲಂದ್ರ ನನ್ನ ಕಂಬಕ್ಕ ಕಟ್ತಾರ. ಕಾರಣ ಹೇಳು, ಬಂದ್ ಮಾಡ್ತೇನಿ."

ಗಿರಿಯಪ್ಪನ ಬಳಿ ಕಾರಣ ಒಂದೇ ಇತ್ತು. ಅದನ್ನು ಬಿಟ್ಟು ಬೇರೆ ಹುಡುಕಿದ, ಸಿಗಲಿಲ್ಲ. ಹುಲಗೇಶ ಮೂರು ಸುತ್ತು ತಿರುಗಿಸಿದ. ಪೈಪಿನೊಳಗೆ ನೀರು ನುಗ್ಗುವ ಸದ್ದು ಗಿರಿಯಪ್ಪನ ಕಾಲಡಿಯಿಂದಲೇ ಹೋಯಿತು.

ಅವನು ಓಡಿದಂತೆ ನಡೆದ. ತಿರುವಿನ ಕೆಳಗಿನ ನಾಲ್ಕನೆಯ ಮನೆ ಹೊನ್ನವ್ವನದು. ಎಪ್ಪತ್ತು ದಾಟಿದ ಗಟ್ಟಿ ಜೀವ, ಗೆರೆ ಬೀಳದ ಮೂರು ನಾಲ್ಕು ಬಾಗಿಲುಗಳಲ್ಲಿ ಅವಳದೂ ಒಂದು. ಮಗ ಬಸವೇಶ ಪಂಚಾಯಿತಿ ಸದಸ್ಯ. ಗಿರಿಯಪ್ಪ ನೌಕರಿಯಲ್ಲಿದ್ದಾಗ ವಾಲ್ವು ತಿರುಗಿಸಿ ಬರುವ ಹೊತ್ತಿಗೆ ಹೊನ್ನವ್ವ ಮಜ್ಜಿಗೆ ಹಿಡಿದು ನಿಂತಿರುತ್ತಿದ್ದಳು. ಮೊದಮೊದಲು ಎತ್ತರದಿಂದ ಬೊಗಸೆಗೆ ಹೊಯ್ಯುತ್ತಿದ್ದವಳು, ಯಾವ ವರ್ಷದಿಂದಲೋ ಲೋಟಕ್ಕೇ ಹಾಕಿ ಕೈಗೆ ಕೊಡತೊಡಗಿದ್ದಳು. ಅದಕ್ಕೆ ಅವಳೂ ಕಾರಣ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಅವನು ಹೋದಾಗ ಹೊನ್ನವ್ವ ಮಿಂದು ಮಡಿಯುಟ್ಟು, ತಿಕ್ಕಿ ಬೆಳಗಿದ ಬಿಂದಿಗೆಗೆ ನಳದಿಂದ ನೀರು ಹಿಡಿಯುತ್ತಿದ್ದಳು. ವಾರದ ದಿನ ಹೊಸ ನೀರು ತುಂಬಿ ದೇವಿಗೆ ತೋರಿಸಿ, ಅದನ್ನೇ ತೀರ್ಥವೆಂದು ಕುಡಿದು, ಅದರಲ್ಲೇ ಅವಲಕ್ಕಿ ನೆನೆಸಿ ತಿನ್ನುವುದು ಆ ಓಣಿಯ ಪದ್ಧತಿ.

"ಅವ್ವಾರ," ಎಂದ. "ಇವತ್ತ ನೀರು ಯಾಕೋ ರಾಡಿ ಬಂದೈತೇನ್ರಿ?"

ಹೊನ್ನವ್ವ ಲೋಟದಲ್ಲಿ ನೀರು ಹಿಡಿದು ಬೆಳಕಿಗೆ ಎತ್ತಿದಳು. "ತಿಳಿ ಐತಲ್ಲೋ ಗಿರಿಯಪ್ಪ. ನೋಡು."

ನೀರು ತಿಳಿಯಾಗಿಯೇ ಇತ್ತು. ಮೊದಲ ಹತ್ತು ನಿಮಿಷದ ಕಪ್ಪು ಹೋಗಿ ಬಂದ ನೀರು.

"ಹಂಗಾರ ಆತ್ರಿ," ಎಂದ ಅವನು.

ಅವನ ಎದುರಿಗೇ ಅವಳು ಕಣ್ಣು ಮುಚ್ಚಿ, ದೇವಿಯ ಹೆಸರು ಹೇಳಿ, ಲೋಟವನ್ನು ಬಾಯಿಗೆ ಹಚ್ಚಿದಳು. ಗಿರಿಯಪ್ಪ ನೆಲ ನೋಡುತ್ತ ನಿಂತಿದ್ದ. ಆ ದಿನವೆಲ್ಲ ಶಾಲೆಯಲ್ಲಿ ಮೈಮುರಿದು ದುಡಿದ. ನುಜಹತ ಎರಡು ಸಲ ಊಟ ಮಾಡು ಎಂದಳು, ಅವನು ಕೇಳಿಸಿಕೊಳ್ಳಲಿಲ್ಲ.

ಶನಿವಾರ ಬೆಳಿಗ್ಗೆ ಆಂಬುಲೆನ್ಸು ಅಗಸಿ ಓಣಿಯಲ್ಲಿ ನಿಂತಿತ್ತು. ಬಸವೇಶ ಮತ್ತು ಇನ್ನೊಬ್ಬರು ಹೊನ್ನವ್ವನನ್ನು ಚಾದರದಲ್ಲಿ ಎತ್ತಿ ತರುತ್ತಿದ್ದರು. ಅವಳ ಕಣ್ಣು ಒಳಕ್ಕೆ ಹೋಗಿದ್ದವು, ಕೈಯ ಚರ್ಮ ಸುಕ್ಕಾಗಿತ್ತು. ನುಜಹತ ನಾಡಿ ಹಿಡಿದು ನೋಡಿ, ತಾನೂ ಗಾಡಿ ಹತ್ತಿದಳು. ಬಸವೇಶ ಗಿರಿಯಪ್ಪನನ್ನು ಕಂಡು, "ಕಾಕಾ, ಮನಿ ಕಡೆ ಲಕ್ಷ್ಯ ಇಡು," ಎಂದ. ಗಾಡಿ ಹೋಯಿತು.

ಗಿರಿಯಪ್ಪ ಮನೆಗೆ ಬಂದು ಶಾರವ್ವನ ಎದುರಿಗೆ ಕುಳಿತು ಗಂಟಿನ ವಿಷಯ ಹೇಳಿದ. ಅವಳು ಒಮ್ಮೆ ಬಾಗಿಲ ಹೊರಗಿನ ನಳವನ್ನು ನೋಡಿದಳು.

"ಹೋಗಿ ಹೇಳ್ರಿ," ಎಂದಳು. "ನೀರ ಹೊರೂದು ನಮಗೇನು ಹೊಸಾದಲ್ಲ. ಹೆಣ ಹೊರಬ್ಯಾಡ್ರಿ."

ಅವನು ಮೊದಲು ಟಾಕಿಗೆ ಹೋಗಿ ಹುಲಗೇಶನಿಂದ ವಾಲ್ವಿನ ಕೀಲಿ ಇಸಿದುಕೊಂಡ. ಆಮೇಲೆ ಶಾಲೆಯ ಅಂಗಳದಲ್ಲಿ, ಮಾಸ್ತರರ ಮುಂದೆ, ಇಪ್ಪತ್ತು ಮೂವತ್ತು ಜನರ ಮುಂದೆ ನಿಂತು ಹೇಳಿದ: ತಿರುವಿನ ಗಟಾರದಾಗ ಒಂದು ಪೈಪೈತಿ, ನಾನಽ ಹಾಕೇನಿ, ಗಂಟು ಸಡ್ಲ ಆಗೈತಿ. ಯಾರೋ ಕೈ ಎತ್ತಿಕೊಂಡು ಬಂದರು. "ನಿಮ್ಮ ಓಣಿಗೆ ನೀರ ಕುಡಸಾಕ ಹೋಗಿ ನಮ್ಮ ಮನಿ ತೆಗದ್ಯೋ," ಎಂದರು. ಚನ್ನವೀರಪ್ಪ ಮಾಸ್ತರರು ನಡುವೆ ಬಂದರು. ಅವರ ದನಿ ಎಂಟನೆಯ ಇಯತ್ತೆಯ ಕೋಣೆಯಲ್ಲಿ ಇದ್ದಷ್ಟೇ ಗಟ್ಟಿಯಾಗಿತ್ತು.

"ರಸ್ತೆ ಒಡೀಬ್ಯಾಡ ಅಂದಾವ್ರು ಯಾರು? ನೀವು. ಗಟಾರದಾಗ ಹೋಗು ಅಂತ ಹಚ್ಚಿದಾವ್ರು ನೀವು. ಈಗ ಸಲಿಕಿ ತರ್ರಿ."

ಗಟಾರದ ನೀರನ್ನು ಬಕೆಟ್ಟಿನಿಂದ ತೋಡಿ ಹಾಕಿದರು. ಗಿರಿಯಪ್ಪ ಮೊಣಕಾಲುಮಟ್ಟದ ಕೆಸರಿಗೆ ಇಳಿದು ಕೈಯಿಂದಲೇ ತಡವಿದ. ಟ್ಯೂಬು ಕೊಳೆತು ಮೆತ್ತಗಾಗಿತ್ತು, ತಂತಿ ತುಕ್ಕು ಹಿಡಿದು ಕಡಿದಿತ್ತು. ಎರಡು ಬೆರಳು ಹೋಗುವಷ್ಟು ಸಂದು. ತಾನು ಹಾಕಿದ ಪೈಪನ್ನು ತಾನೇ ಗರಗಸದಿಂದ ಕೊಯ್ದು, ಸೆಣಬು ಸುತ್ತಿದ ಕಟ್ಟಿಗೆಯ ಬೆಣೆಯನ್ನು ಬಾಯಿಗೆ ಜಡಿದ. ಬುದ್ಧನಗರದ ಹೆಂಗಸರು ದಿಬ್ಬದ ಮೇಲೆ ನಿಂತು ನೋಡುತ್ತಿದ್ದರು.

ಭಾನುವಾರ ಮಧ್ಯಾಹ್ನ ಹೊನ್ನವ್ವ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆ ವಾಂತಿಭೇದಿಯಲ್ಲಿ ಬೇವಿನಹೊಂಡದಲ್ಲಿ ಸತ್ತವಳು ಅವಳೊಬ್ಬಳೇ. ಬುಧವಾರದ ಹೊತ್ತಿಗೆ ಹೊಸ ಗೆರೆ ಎಳೆಯುವ ಕೆಲಸ ನಿಂತಿತು. ಅದರ ಮುಂದಿನ ವಾರ ಶಾಲೆಯ ಹಾಸಿಗೆಗಳು ಖಾಲಿಯಾದವು.

ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಎನ್ನುತ್ತಾರೆ. ಆದರೆ ಈ ಊರು ಗಿರಿಯಪ್ಪನ ಪಾಲಿಗೆ ತಿರುವುಮುರುವಾಗಿ ನಡೆದುಕೊಂಡಿತು. ಶನಿವಾರ ಕೈ ಎತ್ತಿದವರೇ, ತಪ್ಪು ಮಾಡಿದವರು ಬಹಳ, ಒಪ್ಪಿಕೊಂಡವನು ಇವನೊಬ್ಬ ಎನ್ನತೊಡಗಿದರು. ತಾನೇ ಬಂದು ಹೇಳಿದನಲ್ಲ, ಇಲ್ಲದಿದ್ದರೆ ಇನ್ನೂ ಎಷ್ಟು ಹೆಣ ಬೀಳುತ್ತಿದ್ದವೋ ಎಂದರು. ಬುದ್ಧನಗರಕ್ಕೆ ರಸ್ತೆ ಒಡೆದು ಹೊಸ ಪೈಪು ಹಾಕಬೇಕೆಂಬ ಅರ್ಜಿಗೆ ಅಗಸಿ ಓಣಿಯಲ್ಲೂ ಹನ್ನೆರಡು ಮನೆಯವರು ಸಹಿ ಮಾಡಿದರು. ಅದರ ಮುಂದಿನ ಸೋಮವಾರ ಪಂಚಾಯಿತಿ ಸಭೆ. ಠರಾವು ಮಂಡಿಸುವವನು ಬಸವೇಶ. ತಾಯಿಯ ಕಾರ್ಯ ಮುಗಿಸಿ, ಇದನ್ನು ಅವ್ವನ ಹೆಸರಲ್ಲಿ ಮಾಡುತ್ತೇನೆ ಎಂದು ಅವನೇ ಹೇಳಿದ್ದ.

ಇಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸುಸೂತ್ರ. ಶಾರವ್ವ ಮತ್ತು ನಲವತ್ತು ಮನೆಯ ಹೆಂಗಸರು ಎರಡು ವಾರದಿಂದ ಬೋರಿನ ದಾರಿ ಸವೆಸುತ್ತಿದ್ದರು. ಹೊಸ ಪೈಪು ಬಸವೇಶನ ಒಂದು ಮಾತಿನ ಮೇಲೆ ನಿಂತಿತ್ತು. ಗಿರಿಯಪ್ಪನಿಗೆ ಇದೆಲ್ಲ ಗೊತ್ತಿತ್ತು. ಸಭೆಗೆ ಮುಂಚೆ ಬಾಯಿ ಬಿಡುವುದು ಶುದ್ಧ ಹುಚ್ಚುತನ ಎಂದೂ ಗೊತ್ತಿತ್ತು. ಆದರೆ ಸಭೆಯಾದ ಮೇಲೆ ಹೇಳಿದರೆ, ಮಗನ ಕೈಯಿಂದ ಪೈಪು ಇಸಿದುಕೊಂಡು ಆಮೇಲೆ ತಾಯಿಯ ಸುದ್ದಿ ಹೇಳಿದಂತಾಗುತ್ತದೆ. ಅದು ಅವನಿಂದ ಆಗಲಿಲ್ಲ. ಭಾನುವಾರ ಬೆಳಿಗ್ಗೆ ಅಗಸಿ ಓಣಿಗೆ ಇಳಿದ.

ಬಸವೇಶ ಕಟ್ಟೆಯ ಮೇಲೆ ಕುಳಿತಿದ್ದ. "ಬಾ ಕಾಕಾ, ಕುಂದ್ರು," ಎಂದು ಸರಿದು ಜಾಗ ಕೊಟ್ಟ.

ಗಿರಿಯಪ್ಪ ಕುಳಿತುಕೊಳ್ಳಲಿಲ್ಲ. "ಬಸವೇಶಪ್ಪಾರ, ನಾ ಆ ಶನಿವಾರ ಹೇಳಿದ್ನಲ್ರಿ, ಗಂಟಿನ ಮಾತು. ಅದು ನನಗ ಗುರುವಾರ ಸಂಜಿಗೇ ಗೊತ್ತಾಗಿತ್ರಿ."

ಬಸವೇಶ ಅವನ ಮುಖವನ್ನೇ ನೋಡಿದ.

"ಮಾಸ್ತರ್ರು ಕೇಳಿದ್ರು, ನಾ ಸುಳ್ಳ ಹೇಳಿದೆ. ಶುಕ್ರವಾರ ನಸುಕಿನ್ಯಾಗ ಇಲ್ಲೇ ನಿಂತಿದ್ದೆ. ಅವ್ವಾರು ಈ ನಳದಾಗ ನೀರ ಹಿಡದ್ರು. ನೀರ ತಿಳಿ ಐತಿ ನೋಡು ಅಂದ್ರು. ನಾ ಬ್ಯಾಡ್ರಿ ಅನ್ನಲಿಲ್ಲ. ನನ್ನ ಮುಂದಽ ಕುಡದ್ರು."

ಓಣಿಯಲ್ಲಿ ಯಾರದೋ ಎಮ್ಮೆ ಹಾದು ಹೋಯಿತು. ಬಸವೇಶ ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಊರಿ ಕುಳಿತಿದ್ದ. ಹಾಗೆಯೇ ಕೇಳಿದ:

"ಇದನ್ನ ನನಗ್ಯಾಕ ಹೇಳಿದಿ? ಯಾರಿಗೂ ಗೊತ್ತಿರ್ಲಿಲ್ಲ."

"ನಿಮಗ ಬಿಟ್ಟು ಇನ್ಯಾರಿಗೆ ಹೇಳ್ಲಿರಿ?"

ಬಸವೇಶ ಎದ್ದು ಹೊಸ್ತಿಲ ತನಕ ಹೋದ, ಬಾಗಿಲ ಚೌಕಟ್ಟು ಹಿಡಿದು ಆ ಕಡೆ ಮುಖ ಮಾಡಿ ನಿಂತ. ಗಿರಿಯಪ್ಪ ಬೈಗುಳಕ್ಕೆ ಕಾದ. ಹೊಡೆದರೂ ಹೊಡೆಯಲಿ ಎಂದು ನಿಂತಿದ್ದ. ಹೊಡೆದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ನಾಳೆ ಹನ್ನೊಂದಕ್ಕ ಮೀಟಿಂಗ್ ಐತಿ," ಎಂದ ಬಸವೇಶ, ತಿರುಗದೆ. "ಪೈಪು ಎಲ್ಲಿಂದ ಎಲ್ಲಿಗೆ ಹೋಗ್ಬೇಕು ಅನ್ನೂದು ನಿನಗಽ ಗೊತ್ತಿರೂದು. ಬಂದು ಇಂಜಿನಿಯರಿಗೆ ತೋರ್ಸು. ಠರಾವು ನಾ ಹಾಕ್ತೇನಿ. ನಿಮ್ಮ ಓಣ್ಯಾಗಿನ ಹೆಣ್ಮಕ್ಕಳು ಏನ್ ತಪ್ಪು ಮಾಡ್ಯಾರ."

ಗಿರಿಯಪ್ಪ ಕೈ ಮುಗಿದ.

"ಆದ್ರ ನಮ್ಮ ಮನಿ ಮುಂದ ಇನ್ನ ನಿಂದ್ರಬ್ಯಾಡ, ಗಿರಿಯಪ್ಪ," ಎಂದು ಬಸವೇಶ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.